ನವೆಂಬರ್‌ನಲ್ಲಿ ಓಟು, ಮಾರ್ಚ್‌ನಲ್ಲೇ ಫಲಿತಾಂಶ: ನಮ್ಮ ನಾರ್ತ್ ಕ್ಯಾರೊಲೈನಾ ರಾಜಕೀಯ

ಆಡಿಸನ್ ಮೆಕ್‌ಡವೆಲ್ ಅಂತ ಒಬ್ಬರಿದ್ದಾರೆ. ನಮ್ಮ ನಾರ್ತ್ ಕ್ಯಾರೊಲೈನಾದ ಆರನೇ ಕ್ಷೇತ್ರದಿಂದ ಗೆದ್ದು ವಾಷಿಂಗ್ಟನ್ನಿನ ಕೆಳಮನೆಗೆ ಹೋದವರು. 2024ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ಪಕ್ಷದ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆಗೆ, ನಿಂತರು. ಅವರಿಗೆ ಅದೇ ಮೊದಲ ಚುನಾವಣೆ. ಕಣದಲ್ಲಿ ಆರು ಜನ ಇದ್ದರು, ಅವರಲ್ಲಿ ಒಬ್ಬರು ಹಿಂದೆ ಎಂಪಿ ಆಗಿದ್ದ ಮಾರ್ಕ್ ವಾಕರ್. ಮೆಕ್‌ಡವೆಲ್‌ಗೆ ಟ್ರಂಪ್ ಬೆಂಬಲ ಇತ್ತು. ಆದರೂ ಬಿದ್ದ ಓಟು ಸುಮಾರು ಶೇಕಡ 26 ಮಾತ್ರ.

ಇಲ್ಲಿನ ಕಾನೂನಿನ ಪ್ರಕಾರ ಪ್ರೈಮರಿಯಲ್ಲಿ ಯಾರಿಗೂ ಶೇಕಡ 30 ದಾಟದಿದ್ದರೆ ಎರಡನೇ ಸ್ಥಾನದವರು ಇನ್ನೊಂದು ಸುತ್ತು ಬೇಕು ಅಂತ ಕೇಳಬಹುದು. ವಾಕರ್ ಕೇಳಬಹುದಿತ್ತು. ಕೇಳಲಿಲ್ಲ, ಟ್ರಂಪ್ ಪ್ರಚಾರ ತಂಡ ಸೇರಿಕೊಂಡರು. ಸರಿ, ನವೆಂಬರ್ ಬಂತು. ಡೆಮಾಕ್ರಟಿಕ್ ಪಕ್ಷದಿಂದ ಅಲ್ಲಿ ಯಾರೂ ನಿಂತೇ ಇರಲಿಲ್ಲ. ಒಂದು ಚಿಕ್ಕ ಪಕ್ಷದ ಅಭ್ಯರ್ಥಿ ಬಿಟ್ಟರೆ ಎದುರಿಗೆ ಯಾರೂ ಇಲ್ಲ. ಅಂದರೆ ಏಳೂವರೆ ಲಕ್ಷ ಜನರ ಪ್ರತಿನಿಧಿ ಯಾರು ಅಂತ ತೀರ್ಮಾನ ಮಾಡಿದ್ದು, ಮಾರ್ಚ್ ತಿಂಗಳ ಒಂದು ಮಂಗಳವಾರ ಒಂದು ಪಕ್ಷದ ಪ್ರೈಮರಿಗೆ ಬಂದ ಜನರಲ್ಲಿ ಕಾಲು ಭಾಗ. ಇದರಲ್ಲಿ ಮೋಸ ಏನೂ ಇಲ್ಲ, ಎಲ್ಲ ಕಾನೂನು ಪ್ರಕಾರವೇ ಆಗಿದ್ದು. ಅದಕ್ಕೇ ಬರೆಯಬೇಕು ಅನ್ನಿಸಿತು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಅದೇ ಆರನೇ ಕ್ಷೇತ್ರವನ್ನು ಅದಕ್ಕೆ ಎರಡು ವರ್ಷ ಮುಂಚೆ, 2022ರಲ್ಲಿ, ಗೆದ್ದಿದ್ದು ಡೆಮಾಕ್ರಟಿಕ್ ಪಕ್ಷದ ಕ್ಯಾಥಿ ಮ್ಯಾನಿಂಗ್. ಜನ ಏನೂ ರಾತ್ರೋರಾತ್ರಿ ಮನಸ್ಸು ಬದಲಾಯಿಸಲಿಲ್ಲ. ಬದಲಾಗಿದ್ದು ಕ್ಷೇತ್ರದ ಗೆರೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಶಾಸನಸಭೆ ಹೊಸ ನಕ್ಷೆ ಪಾಸ್ ಮಾಡಿತು. ಗ್ರೀನ್ಸ್‌ಬರೊ ನಗರ ಇರುವ ಗಿಲ್ಫರ್ಡ್ ಕೌಂಟಿಯನ್ನು (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಮೂರು ತುಂಡು ಮಾಡಿ ಮೂರು ಕ್ಷೇತ್ರಗಳಿಗೆ ಹಂಚಿದರು. ಡೆಮಾಕ್ರಾಟರ ಓಟು ಚೆದುರಿಹೋಯಿತು. ಮ್ಯಾನಿಂಗ್ ನಕ್ಷೆ ನೋಡಿದರು, ಮತ್ತೆ ನಿಲ್ಲುವುದಿಲ್ಲ ಅಂದರು. ಅಲ್ಲಿಗೆ ಮುಗಿಯಿತು.

ನಾನು ಇರುವುದು ಕ್ಯಾರಿಯಲ್ಲಿ, ರಾಲಿ ಪಕ್ಕದ ಊರು. ಇಲ್ಲಿ ನಮ್ಮ ಜನ ಜಾಸ್ತಿ, ಸಾಫ್ಟ್‌ವೇರ್ ಕೆಲಸ ಜಾಸ್ತಿ, ದೋಸೆ ಹೋಟೆಲ್‌ಗೂ ಕೊರತೆ ಇಲ್ಲ. ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ರಾಜಕೀಯ ಮಾತು ಬರುತ್ತದೆ. ಆದರೆ ಮಾತು ಯಾವಾಗಲೂ ಒಂದೇ, ಅಧ್ಯಕ್ಷರು ಯಾರಾಗುತ್ತಾರೆ, ಎಚ್-1ಬಿ ಏನಾಗುತ್ತೆ. ನಮ್ಮ ರಾಜ್ಯದ ಶಾಸನಸಭೆಯಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಸಾಂಬಾರಿನ ಕಡೆ ನೋಡುತ್ತಾರೆ. ಸ್ಕೂಲಿಗೆ ದುಡ್ಡು ಎಷ್ಟು, ಯೂನಿವರ್ಸಿಟಿ ಫೀಸು ಎಷ್ಟು, ಯಾರು ಓಟು ಹಾಕಬಹುದು, ಯಾವ ಐಡಿ ತರಬೇಕು, ಕ್ಷೇತ್ರದ ಗೆರೆ ಎಲ್ಲಿ ಹೋಗಬೇಕು, ಇದೆಲ್ಲ ತೀರ್ಮಾನ ಆಗುವುದು ಮುಖ್ಯವಾಗಿ ರಾಲಿಯಲ್ಲಿ ಕೂತ ಆ 170 ಜನರಿಂದ. ಕೆಳಮನೆಯಲ್ಲಿ 120, ಸೆನೆಟ್‌ನಲ್ಲಿ 50. ಎಲ್ಲರೂ ಎರಡು ವರ್ಷಕ್ಕೊಮ್ಮೆ ಚುನಾವಣೆಗೆ ನಿಲ್ಲಬೇಕು.

ಮೊದಲು ಗೆರೆಯ ವಿಷಯ, ಯಾಕೆಂದರೆ ಉಳಿದಿದ್ದೆಲ್ಲ ಅಲ್ಲಿಂದಲೇ ಶುರುವಾಗುವುದು.

ಹತ್ತು ವರ್ಷಕ್ಕೊಮ್ಮೆ ಜನಗಣತಿ ಆಗುತ್ತದೆ. 2020ರಲ್ಲಿ ನಮ್ಮ ರಾಜ್ಯದ ಲೆಕ್ಕ 1,04,39,388 ಬಂತು. ಜನ ಹೆಚ್ಚಾಗಿದ್ದರಿಂದ ವಾಷಿಂಗ್ಟನ್ ಸೀಟು 13ರಿಂದ 14ಕ್ಕೆ ಏರಿತು. 14ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ 7,45,670 ಅಥವಾ 7,45,671 ಜನ. ನಗಬೇಡಿ, ನಕ್ಷೆ ಬರೆಯುವವರು ನಿಜವಾಗಿಯೂ ಅಷ್ಟು ಕರಾರುವಾಕ್ಕಾಗಿ ಲೆಕ್ಕ ಹೊಂದಿಸುತ್ತಾರೆ. 1960ರ ದಶಕದ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದ ನಿಯಮ ಇದು. ಅದಕ್ಕೂ ಮುಂಚೆ ಒಂದು ಹಳ್ಳಿ ಕ್ಷೇತ್ರದ ಕೆಲವೇ ಸಾವಿರ ಜನಕ್ಕೂ ಒಬ್ಬ ಶಾಸಕ, ನಗರದ ಲಕ್ಷಾಂತರ ಜನಕ್ಕೂ ಒಬ್ಬ ಶಾಸಕ ಅನ್ನುವ ರಾಜ್ಯಗಳು ಇದ್ದವು.

ಜನಸಂಖ್ಯೆ ಸಮ ಇದ್ದರೆ ನ್ಯಾಯ ಆಯ್ತಲ್ವಾ ಅಂದರೆ, ಇಲ್ಲ. 500 ಮತದಾರರು ಇದ್ದಾರೆ ಅಂದುಕೊಳ್ಳಿ. ಅರ್ಧ ಜನ ಒಂದು ಪಕ್ಷ, ಅರ್ಧ ಜನ ಇನ್ನೊಂದು. ತಲಾ 100 ಜನರ ಐದು ಕ್ಷೇತ್ರ ಮಾಡಬೇಕು. ಪೆನ್ಸಿಲ್ ಮೊದಲನೇ ಪಕ್ಷದ ಕೈಯಲ್ಲಿದೆ. ಅವರು ಏನು ಮಾಡುತ್ತಾರೆ? ಎದುರಾಳಿಯ 85 ಜನರನ್ನು ಒಂದೇ ಕ್ಷೇತ್ರಕ್ಕೆ ತುಂಬುತ್ತಾರೆ. ಆ ಸೀಟು ಅವರಿಗೇ ಬಿಟ್ಟುಬಿಡುತ್ತಾರೆ, ತಗೊಳ್ಳಿ ಅಂತ. ಇನ್ನು ಉಳಿದ 165 ಜನರನ್ನು ನಾಲ್ಕು ಕ್ಷೇತ್ರಗಳಿಗೆ ತಲಾ 41, 42ರಂತೆ ಚೆಲ್ಲುತ್ತಾರೆ. ಆ ನಾಲ್ಕರಲ್ಲೂ ಮೊದಲನೇ ಪಕ್ಷಕ್ಕೆ 58, 59 ಓಟು. ಓಟು ಅರ್ಧರ್ಧ, ಸೀಟು ನಾಲ್ಕು ಒಂದು! ಒಂದೊಂದು ಕ್ಷೇತ್ರಕ್ಕೂ ಸರಿಯಾಗಿ 100 ಜನ. ಯಾರೂ ಬೆರಳು ತೋರಿಸುವ ಹಾಗಿಲ್ಲ. ಒಂದು ಕಡೆ ತುಂಬುವುದು, ಇನ್ನೊಂದು ಕಡೆ ಒಡೆಯುವುದು, ಎಲ್ಲಾ ಜೆರ್ರಿಮ್ಯಾಂಡರಿಂಗ್ ಕೆಲಸವೂ, ಅಂದರೆ ಪಕ್ಷದ ಲಾಭಕ್ಕೆ ಗೆರೆ ತಿರುಚುವುದು, ಇವೆರಡರಿಂದಲೇ ಆಗುವುದು.

ಪೆನ್ಸಿಲ್ ಯಾರ ಕೈಯಲ್ಲಿ ಅನ್ನುವುದೇ ಇಲ್ಲಿ ಎಲ್ಲ. ನಮ್ಮಲ್ಲಿ ಲೋಕಸಭೆ, ವಿಧಾನಸಭೆ ಕ್ಷೇತ್ರಗಳ ಗೆರೆ ಎಳೆಯುವುದು ಡಿಲಿಮಿಟೇಶನ್ ಕಮಿಷನ್. ಹೋದ ಸಲ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರಾಗಿದ್ದರು, ಅವರ ಹೊಸ ಗೆರೆಗಳ ಮೇಲೆ ಮೊದಲು ಚುನಾವಣೆ ನಡೆದಿದ್ದು ನಮ್ಮ ಕರ್ನಾಟಕದಲ್ಲೇ, 2008ರಲ್ಲಿ. ಅಲ್ಲೂ ತಕರಾರು ಇಲ್ಲ ಅಂತಲ್ಲ. ಬೆಂಗಳೂರಿನ ವಾರ್ಡ್ ವಿಂಗಡಣೆ ರಾಜ್ಯ ಸರ್ಕಾರದ ಕೈಯಲ್ಲೇ ಇರುವುದರಿಂದ ಒಂದು ಸರ್ಕಾರ 243 ವಾರ್ಡ್ ಅಂದಿತು, ಮುಂದಿನದು ಬಂದು 225 ಅಂದಿತು, 2015ರ ನಂತರ ಪಾಲಿಕೆಗೆ ಚುನಾವಣೆಯೇ ಇಲ್ಲದೆ ಎಷ್ಟೋ ವರ್ಷ ಕಳೆಯಿತು. ಆ ಜಗಳ ನೋಡಿದವರಿಗೆ ನಾರ್ತ್ ಕ್ಯಾರೊಲೈನಾ ಬೇಗ ಅರ್ಥ ಆಗುತ್ತದೆ. ಇಲ್ಲಿ ಶಾಸಕರ ಕ್ಷೇತ್ರದ ಗೆರೆಯನ್ನೂ, ವಾಷಿಂಗ್ಟನ್ ಸೀಟಿನ ಗೆರೆಯನ್ನೂ ಎಳೆಯುವುದು ಅದೇ ಶಾಸಕರು. ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆ ಇಲ್ಲ ಅನ್ನುತ್ತಾರಲ್ಲ, ಇಲ್ಲಿ ಬಡಿಸುವವನೂ ತಾನೇ, ಉಣ್ಣುವವನೂ ತಾನೇ.

ಉದಾಹರಣೆ ಬೇಕಾ? 2023ರ ನಕ್ಷೆ ಪಾಸ್ ಆದಾಗ ರಾಜ್ಯ ಕೆಳಮನೆಯ ಸ್ಪೀಕರ್ ಟಿಮ್ ಮೂರ್. ಆ ನಕ್ಷೆಯಲ್ಲಿ ರಿಪಬ್ಲಿಕನ್ನರಿಗೆ ಅನುಕೂಲವಾಗಿ ಬದಲಾದ ಸೀಟುಗಳಲ್ಲಿ 14ನೇ ಕ್ಷೇತ್ರವೂ ಒಂದು. 2024ರಲ್ಲಿ ಅಲ್ಲಿಂದ ನಿಂತು ಗೆದ್ದು ವಾಷಿಂಗ್ಟನ್ನಿಗೆ ಹೋದವರು ಯಾರು? ಅದೇ ಟಿಮ್ ಮೂರ್. ಅಲ್ಲಿ ಇದ್ದ ಡೆಮಾಕ್ರಾಟ್ ಜೆಫ್ ಜಾಕ್ಸನ್ ತನ್ನ ಸೀಟು ಹೋಯಿತು ಅಂತ ಗೊತ್ತಾದ ಮೇಲೆ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ನಿಂತರು, ಗೆದ್ದರು. ಅದು ಇಡೀ ರಾಜ್ಯದ ಓಟು, ಅಲ್ಲಿ ಗೆರೆಯ ಆಟ ನಡೆಯುವುದಿಲ್ಲ.

ರಾಜ್ಯಪಾಲರು ತಡೆಯಬಹುದಲ್ಲ? ಇಲ್ಲಿನ ರಾಜ್ಯಪಾಲರು ನಮ್ಮ ಮುಖ್ಯಮಂತ್ರಿಗಳ ಹಾಗೆ, ಜನರೇ ಆರಿಸುವವರು, ಮಸೂದೆಗಳಿಗೆ ವೀಟೋ ಹಾಕುವ ಅಧಿಕಾರ ಇದೆ. ಆದರೆ ಕ್ಷೇತ್ರದ ನಕ್ಷೆಗೆ ವೀಟೋ ಇಲ್ಲ. 1996ರಲ್ಲಿ ರಾಜ್ಯ ಸಂವಿಧಾನ ತಿದ್ದಿ ವೀಟೋ ಕೊಟ್ಟಾಗಲೇ ನಕ್ಷೆಯನ್ನು ಹೊರಗಿಟ್ಟರು. ಹಾಗಾಗಿ 2024ರಲ್ಲಿ ಡೆಮಾಕ್ರಾಟ್ ಜಾಶ್ ಸ್ಟೈನ್ ಹದಿನಾಲ್ಕು ಹದಿನೈದು ಶೇಕಡಾ ಅಂಕಗಳ ಅಂತರದಲ್ಲಿ ರಾಜ್ಯಪಾಲರಾಗಿ ಗೆದ್ದರೂ ನಕ್ಷೆ ವಿಷಯದಲ್ಲಿ ಅವರು ಪ್ರೇಕ್ಷಕರು.

ಆ ದಿನದ ಫಲಿತಾಂಶವನ್ನು ಒಟ್ಟಿಗೆ ನೋಡಿ. ಅದೇ ದಿನ, ಅದೇ ಜನ, ಅದೇ ಮತಪತ್ರ. ಅಧ್ಯಕ್ಷ ಚುನಾವಣೆಯಲ್ಲಿ ಟ್ರಂಪ್ ಇಲ್ಲಿ ಸುಮಾರು ಮೂರು ಅಂಕಗಳಿಂದ ಗೆದ್ದರು. ರಾಜ್ಯಪಾಲರಿಂದ ಹಿಡಿದು ಕೃಷಿ ಕಮಿಷನರ್‌ವರೆಗೆ ಇಡೀ ರಾಜ್ಯ ಆರಿಸುವ ಹತ್ತು ಹುದ್ದೆಗಳಲ್ಲಿ ಐದು ಡೆಮಾಕ್ರಾಟರಿಗೆ, ಐದು ರಿಪಬ್ಲಿಕನ್ನರಿಗೆ. ವಾಷಿಂಗ್ಟನ್ ಸೀಟು ಮಾತ್ರ 14ರಲ್ಲಿ 10 ರಿಪಬ್ಲಿಕನ್, 4 ಡೆಮಾಕ್ರಾಟ್. ಇದಕ್ಕೆ ಪೂರ್ತಿ ಕಾರಣ ಗೆರೆಯೇ ಅಂತ ಹೇಳಿದರೆ ಅದೂ ತಪ್ಪು. ಡೆಮಾಕ್ರಾಟರು ರಾಲಿ, ಡರಮ್, ಶಾರ್ಲಟ್ ಅಂತ ನಗರಗಳಲ್ಲೇ ಗುಂಪಾಗಿ ಇರುತ್ತಾರೆ, ಯಾರು ಎಷ್ಟು ಪ್ರಾಮಾಣಿಕವಾಗಿ ಗೆರೆ ಎಳೆದರೂ ಅವರ ಓಟು ಒಂದಿಷ್ಟು ದಂಡವಾಗುತ್ತದೆ. ಆದರೆ ಎಷ್ಟು ಅನ್ನುವುದನ್ನು ಲೆಕ್ಕ ಹಾಕಿದವರಿದ್ದಾರೆ. ನಮ್ಮ ಪಕ್ಕದ ಡರಮ್‌ನಲ್ಲಿರುವ ಡ್ಯೂಕ್ ಯೂನಿವರ್ಸಿಟಿಯ ಗಣಿತದ ಪ್ರೊಫೆಸರ್ ಜಾನಥನ್ ಮ್ಯಾಟಿಂಗ್ಲಿ ಕಂಪ್ಯೂಟರ್‌ನಿಂದ 24 ಸಾವಿರಕ್ಕೂ ಹೆಚ್ಚು ನಕ್ಷೆ ಬರೆಸಿದರು. ಪಕ್ಷ ನೋಡದೆ, ಬರೀ ಜನಸಂಖ್ಯೆ, ಕೌಂಟಿ ಒಡೆಯದಿರುವುದು ಇಂಥ ನಿಯಮ ಇಟ್ಟು. 2016ರಲ್ಲಿ ಶಾಸಕರು ಬರೆದ 10-3 (10 ರಿಪಬ್ಲಿಕನ್, 3 ಡೆಮಾಕ್ರಾಟ್) ನಕ್ಷೆಯ ಫಲಿತಾಂಶ ಅವುಗಳಲ್ಲಿ ನೂರಕ್ಕೆ ಒಂದರಲ್ಲೂ ಬರಲಿಲ್ಲ. ಸಾಫ್ಟ್‌ವೇರ್ ಮಂದಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಆ 2016ರ ನಕ್ಷೆ ನಿಜಕ್ಕೂ ಮಜಾ. ಅದನ್ನು ಮುನ್ನಡೆಸಿದ ಶಾಸಕ ಡೇವಿಡ್ ಲೂಯಿಸ್ ಸಭೆಯಲ್ಲೇ ಹೇಳಿದರು, 10 ರಿಪಬ್ಲಿಕನ್ 3 ಡೆಮಾಕ್ರಾಟ್ ಬರುವ ಹಾಗೆ ಮಾಡೋಣ, ಯಾಕೆಂದರೆ 11-2 ಮಾಡುವುದು ಸಾಧ್ಯ ಅಂತ ನನಗನ್ನಿಸುವುದಿಲ್ಲ ಅಂತ. ಮುಚ್ಚುಮರೆ ಇಲ್ಲ. ಅಷ್ಟು ನೇರವಾಗಿ ಹೇಳಿದ್ದಕ್ಕೂ ಕಾರಣ ಇತ್ತು. ಜನಾಂಗ ನೋಡಿ ಗೆರೆ ಎಳೆದರು ಅಂತ ಕೋರ್ಟು ಹಿಂದಿನ ನಕ್ಷೆಯನ್ನು ಹೊಡೆದುಹಾಕಿತ್ತು. ಹಾಗಾಗಿ ನಾವು ನೋಡಿದ್ದು ಜನಾಂಗ ಅಲ್ಲ ಸ್ವಾಮಿ, ಪಕ್ಷ ಮಾತ್ರ ಅಂತ ದಾಖಲೆಗೆ ಸೇರಿಸುವುದು ಅವರಿಗೆ ಬೇಕಿತ್ತು. ಆ ನಕ್ಷೆಯಲ್ಲಿ ಗ್ರೀನ್ಸ್‌ಬರೊದ ಕಪ್ಪು ಜನರ ದೊಡ್ಡ ಯೂನಿವರ್ಸಿಟಿ ಎ ಆಂಡ್ ಟಿ ಕ್ಯಾಂಪಸ್ ಮಧ್ಯದಲ್ಲೇ ಗೆರೆ ಹಾದುಹೋಯಿತು. ಹಾಸ್ಟೆಲ್ ಒಂದು ಕ್ಷೇತ್ರ, ರಸ್ತೆ ದಾಟಿದರೆ ಇನ್ನೊಂದು.

ಕೋರ್ಟಿಗೆ ಹೋದರು. ಅಮೆರಿಕದ ಸುಪ್ರೀಂ ಕೋರ್ಟ್ 2019ರಲ್ಲಿ 5-4ರ ತೀರ್ಪು ಕೊಟ್ಟಿತು: ಪಕ್ಷದ ಲಾಭಕ್ಕೆ ಗೆರೆ ಎಳೆಯುವುದು ಅನ್ಯಾಯ ಇರಬಹುದು, ಆದರೆ ಅದನ್ನು ಅಳೆಯುವುದು ಫೆಡರಲ್ ಕೋರ್ಟಿನ ಕೆಲಸ ಅಲ್ಲ. ಅದೇ ತೀರ್ಪಿನಲ್ಲಿ ಮೇರಿಲ್ಯಾಂಡ್ ಕೇಸೂ ಇತ್ತು, ಅಲ್ಲಿ ಗೆರೆ ಎಳೆದವರು ಡೆಮಾಕ್ರಾಟರು. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ನಾಳೆ ಯಾರಾದರೂ ನೀನು ಒಂದೇ ಕಡೆ ಬರೆದೆ ಅನ್ನುತ್ತಾರೆ. ನಾರ್ತ್ ಕ್ಯಾರೊಲೈನಾದಲ್ಲೂ 2010ರ ಚುನಾವಣೆವರೆಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಶಾಸನಸಭೆಯ ಎರಡೂ ಮನೆ ಒಟ್ಟಿಗೆ ರಿಪಬ್ಲಿಕನ್ನರ ಕೈಗೆ ಬಂದಿರಲಿಲ್ಲ. 1992ರಲ್ಲಿ ಡೆಮಾಕ್ರಾಟರು ಬರೆದ 12ನೇ ಕ್ಷೇತ್ರ ಐ-85 ಹೆದ್ದಾರಿ ಉದ್ದಕ್ಕೂ ಸುಮಾರು 160 ಮೈಲಿ ಹಾವಿನ ಹಾಗೆ ಹರಿದಿತ್ತು, ಕೆಲವು ಕಡೆ ರಸ್ತೆಯಷ್ಟೇ ಅಗಲ. ಆ ಕೇಸೂ ಸುಪ್ರೀಂ ಕೋರ್ಟಿಗೆ ಹೋಯಿತು.

ಫೆಡರಲ್ ಕೋರ್ಟ್ ಬಾಗಿಲು ಮುಚ್ಚಿದ ಮೇಲೆ ಉಳಿದಿದ್ದು ರಾಜ್ಯದ ಕೋರ್ಟು. ಇಲ್ಲಿಂದ ಕಥೆ ಬೇರೆ ಥರ ಆಗುತ್ತದೆ. 2019ರಲ್ಲಿ ರಾಜ್ಯದ ನ್ಯಾಯಾಧೀಶರು ಶಾಸನಸಭೆಯ ನಕ್ಷೆಯನ್ನು ಸಾರ್ವಜನಿಕರ ಎದುರಿಗೇ ಮತ್ತೆ ಬರೆಯಿರಿ ಅಂದರು. ಆಗ ಸೆನೆಟ್‌ನವರು ಯಾವ ನಕ್ಷೆಯಿಂದ ಶುರು ಮಾಡುವುದು ಅಂತ ಆರಿಸಲು ಲಾಟರಿ ಯಂತ್ರ ತರಿಸಿ ಚೆಂಡು ಎತ್ತಿಸಿದರು! ನಿಜ. ರಾಜ್ಯ ಲಾಟರಿಯ ಯಂತ್ರ. ವಾಷಿಂಗ್ಟನ್ ನಕ್ಷೆಯನ್ನೂ ಬದಲಾಯಿಸಬೇಕಾಯಿತು, 2020ರಲ್ಲಿ 8-5 ಬಂತು. ಆಮೇಲೆ ಜನಗಣತಿ, ಹೊಸ ನಕ್ಷೆ, ಮತ್ತೆ ಕೇಸು. 2022ರ ಫೆಬ್ರವರಿಯಲ್ಲಿ ರಾಜ್ಯ ಸುಪ್ರೀಂ ಕೋರ್ಟ್ 4-3ರಲ್ಲಿ ಈ ನಕ್ಷೆ ರಾಜ್ಯ ಸಂವಿಧಾನಕ್ಕೆ ವಿರುದ್ಧ ಅಂತ ತಳ್ಳಿಹಾಕಿತು. ಆ ವರ್ಷ ಕೋರ್ಟ್ ಕೊಟ್ಟ ನಕ್ಷೆಯ ಮೇಲೆ ಚುನಾವಣೆ ಆಯಿತು. ಫಲಿತಾಂಶ 7-7. ಅರ್ಧರ್ಧ ರಾಜ್ಯಕ್ಕೆ ಅರ್ಧರ್ಧ ಸೀಟು.

ಅದು ಒಂದೇ ಚುನಾವಣೆ ಉಳಿಯಿತು.

ಯಾಕೆ ಅಂದರೆ ನಾರ್ತ್ ಕ್ಯಾರೊಲೈನಾದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನೂ ಜನರೇ ಆರಿಸುವುದು. ಏಳು ಜನ, ಎಂಟು ವರ್ಷದ ಅವಧಿ, ಹೆಸರಿನ ಪಕ್ಕ ಪಕ್ಷದ ಹೆಸರೂ ಇರುತ್ತದೆ. ನಮಗೆ ಇದು ವಿಚಿತ್ರ ಅನ್ನಿಸುತ್ತದೆ, ಜಡ್ಜ್ ಸಾಹೇಬರು ಬಾವುಟ ಹಿಡಿದು ಓಟು ಕೇಳುವುದಾ ಅಂತ. ಕೇಳುತ್ತಾರೆ, ಟಿವಿ ಜಾಹೀರಾತೂ ಬರುತ್ತದೆ. 2022ರ ನವೆಂಬರ್‌ನಲ್ಲಿ ಎರಡು ಸೀಟು ಡೆಮಾಕ್ರಾಟರಿಂದ ರಿಪಬ್ಲಿಕನ್ನರಿಗೆ ಹೋಯಿತು. 4-3 ಇದ್ದದ್ದು ತಿರುಗಿ 5-2 ಆಯಿತು. 2023ರ ಏಪ್ರಿಲ್‌ನಲ್ಲಿ ಹೊಸ ಕೋರ್ಟು ಅದೇ ಕೇಸನ್ನು ಮತ್ತೆ ಕೇಳಿ, ಇದು ನಮ್ಮ ಕೆಲಸ ಅಲ್ಲ, ಶಾಸಕರು ಇಷ್ಟ ಬಂದ ಹಾಗೆ ಗೆರೆ ಎಳೆಯಲಿ ಅನ್ನುವ ಅರ್ಥದ ತೀರ್ಪು ಕೊಟ್ಟಿತು. ಅದೇ ಸಂವಿಧಾನ, ಅದೇ ಸಾಲುಗಳು. ಬದಲಾಗಿದ್ದು ಕೂತ ಜನ ಮಾತ್ರ. ಆರು ತಿಂಗಳಲ್ಲಿ 10-4 ನಕ್ಷೆ ಬಂತು.

ಈಗ ಕಾನೂನಿಗೆ ಬೇಸರ ಬರುವಷ್ಟು ಬದಲಾವಣೆ ಆಗಿದೆ. 2020ಕ್ಕೆ ಒಂದು ನಕ್ಷೆ, 2022ಕ್ಕೆ ಒಂದು, 2024ಕ್ಕೆ ಒಂದು. 2026ಕ್ಕೆ ಮತ್ತೊಂದು, 2025ರ ಅಕ್ಟೋಬರ್‌ನಲ್ಲಿ ಪಾಸ್ ಮಾಡಿದರು. ನಾಲ್ಕು ಚುನಾವಣೆ, ನಾಲ್ಕು ನಕ್ಷೆ. ಈ ಸಲ ಗುರಿ ಈಶಾನ್ಯ ಭಾಗದ ಒಂದನೇ ಕ್ಷೇತ್ರ, ಡಾನ್ ಡೇವಿಸ್ ಅವರದು. 1992ರಿಂದ ಅಲ್ಲಿ ಕಪ್ಪು ಪ್ರತಿನಿಧಿಗಳೇ ಗೆದ್ದು ಬಂದ ಪ್ರದೇಶ ಹೆಚ್ಚುಕಡಿಮೆ. 2024ರಲ್ಲಿ ಡೇವಿಸ್ ಎರಡು ಅಂಕಕ್ಕೂ ಕಡಿಮೆ ಅಂತರದಲ್ಲಿ ಬಚಾವಾಗಿದ್ದರು, ಇಡೀ ರಾಜ್ಯದಲ್ಲಿ ನಿಜವಾದ ಪೈಪೋಟಿ ಅಂತ ಉಳಿದಿದ್ದ ಸೀಟು ಅದೊಂದೇ. ಪಕ್ಕದ ಮೂರನೇ ಕ್ಷೇತ್ರದ ಜೊತೆ ಕೌಂಟಿಗಳನ್ನು ಅದಲು ಬದಲು ಮಾಡಿ 11-3ರ ಲೆಕ್ಕ ಹಾಕಿದ್ದಾರೆ. ನವೆಂಬರ್‌ನಲ್ಲಿ ಫೆಡರಲ್ ಕೋರ್ಟ್ ಬಳಸಿ ಅಂತ ಬಿಟ್ಟಿತು. 11 ಸಾಧ್ಯ ಇಲ್ಲ ಅಂದಿದ್ದ ಲೂಯಿಸ್‌ಗೆ ಈಗ ಏನನ್ನಿಸುತ್ತಿರಬಹುದೋ. ಆಗ 13 ಸೀಟು ಇತ್ತು ಬಿಡಿ.

ಜನಗಣತಿ ಇಲ್ಲದೆ ನಡುವೆ ಯಾಕೆ ಬದಲಾಯಿಸಿದರು ಅಂದರೆ, ಅದು ಇಡೀ ದೇಶದ ಜಗಳ. ಟ್ರಂಪ್ ಒತ್ತಾಯದ ಮೇಲೆ ಟೆಕ್ಸಸ್ 2025ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ನರಿಗೆ ಐದು ಸೀಟು ಹೆಚ್ಚು ಬರುವ ಹಾಗೆ ನಕ್ಷೆ ಬದಲಾಯಿಸಿತು. ಕೋರಂ ಮುರಿಯಲು ಅಲ್ಲಿನ ಡೆಮಾಕ್ರಾಟ್ ಶಾಸಕರು ರಾಜ್ಯ ಬಿಟ್ಟು ಇಲಿನಾಯ್‌ಗೆ ಓಡಿದರು. ನಮ್ಮವರ ರೆಸಾರ್ಟ್ ರಾಜಕೀಯ ನೆನಪಾಗಿ ನನಗೆ ನಗು ಬಂತು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾ ನವೆಂಬರ್‌ನಲ್ಲಿ ಜನಮತ ಕೇಳಿ, ತನ್ನದೇ ಸ್ವತಂತ್ರ ಕಮಿಷನ್ ಬರೆದಿದ್ದ ನಕ್ಷೆಯನ್ನು ಪಕ್ಕಕ್ಕಿಟ್ಟು ಡೆಮಾಕ್ರಾಟರಿಗೆ ಐದು ಸೀಟು ಅನುಕೂಲ ಆಗುವ ನಕ್ಷೆ ತಂದಿತು. 14 ಜನರ ಆ ಕಮಿಷನ್ ಅನ್ನು ಇಡೀ ದೇಶ ಮಾದರಿ ಅಂತ ತೋರಿಸುತ್ತಿತ್ತು. ಈಗ ಅದೂ ಹೋಯಿತು, 2030ರವರೆಗಾದರೂ.

ಸರಿ, ನಮ್ಮ ರಾಜ್ಯದಲ್ಲೂ ಕಮಿಷನ್ ಮಾಡಬಾರದಾ? ಮಿಷಿಗನ್‌ನಲ್ಲಿ 2018ರಲ್ಲಿ ಹಾಗೇ ಆಯಿತು. ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದ ಒಂದು ಸಾಲಿನಿಂದ ಶುರುವಾಗಿ, ಸಹಿ ಸಂಗ್ರಹಿಸಿ, ಜನರ ಓಟಿನಿಂದ 13 ಜನರ ಸ್ವತಂತ್ರ ಕಮಿಷನ್ ಬಂತು. ಇಲ್ಲಿ ಆ ದಾರಿ ಇಲ್ಲ. ಸಹಿ ಸಂಗ್ರಹಿಸಿ ನೇರವಾಗಿ ಕಾನೂನನ್ನು ಮತಕ್ಕೆ ಹಾಕುವ ಅವಕಾಶ ನಾರ್ತ್ ಕ್ಯಾರೊಲೈನಾ ಸಂವಿಧಾನದಲ್ಲೇ ಇಲ್ಲ. ತಿದ್ದುಪಡಿ ಬರಬೇಕಾದರೆ ಶಾಸಕರೇ ತರಬೇಕು. ಅವರು ಯಾಕೆ ತರುತ್ತಾರೆ ಹೇಳಿ.

ಈಗ ಪ್ರೈಮರಿಗೆ ಬರೋಣ. ಹದಿನಾಲ್ಕರಲ್ಲಿ ಬಹುತೇಕ ಸೀಟುಗಳು ಯಾವ ಪಕ್ಷದ್ದು ಅಂತ ನಕ್ಷೆಯಲ್ಲೇ ಬರೆದಾಗಿದೆ ಅಂದ ಮೇಲೆ, ಉಳಿದ ಪ್ರಶ್ನೆ ಒಂದೇ, ಆ ಪಕ್ಷದಿಂದ ಯಾರು. ನಮ್ಮಲ್ಲಿ ಇದು ಬಿ ಫಾರಂ ಪ್ರಶ್ನೆ. ದೆಹಲಿಗೆ ಓಡಾಟ, ಹೈಕಮಾಂಡ್, ಕೊನೆ ಗಳಿಗೆಯಲ್ಲಿ ಹೆಸರು ಬದಲು, ಟಿಕೆಟ್ ಸಿಗದವರ ಕಣ್ಣೀರು, ಬಂಡಾಯ. ಇಲ್ಲಿ ಬಿ ಫಾರಂ ಕೊಡುವವರೇ ಇಲ್ಲ. ಫೀಸು ಕಟ್ಟಿ ಹೆಸರು ಕೊಟ್ಟರೆ ಪ್ರೈಮರಿಯಲ್ಲಿ ನೀವೂ ಅಭ್ಯರ್ಥಿ. ಪಕ್ಷದ ಅಧ್ಯಕ್ಷರಿಗೆ ನಿಮ್ಮ ಮುಖ ಕಂಡರೆ ಆಗದಿದ್ದರೂ ಏನೂ ಮಾಡುವ ಹಾಗಿಲ್ಲ. ಕೇಳಲು ಎಷ್ಟು ಚೆನ್ನಾಗಿದೆ! ನಾನೂ ಬಂದ ಹೊಸದರಲ್ಲಿ ಇದನ್ನು ಊರಿನವರಿಗೆಲ್ಲ ಹೊಗಳಿ ಹೇಳುತ್ತಿದ್ದೆ, ಈಗಲೂ ಬಿ ಫಾರಂಗಿಂತ ಇದೇ ವಾಸಿ ಅನ್ನುತ್ತೇನೆ.

ಆದರೆ ಯಾರು ಬರುತ್ತಾರೆ ಓಟು ಹಾಕಲು? 2022ರ ಪ್ರೈಮರಿಗೆ ಬಂದವರು ನೋಂದಾಯಿತ ಮತದಾರರಲ್ಲಿ ಸುಮಾರು ಶೇಕಡ 20. 2024ರ ಮಾರ್ಚ್‌ನಲ್ಲಿ ಸುಮಾರು 24. ಅದೇ ವರ್ಷದ ನವೆಂಬರ್‌ಗೆ ಶೇಕಡ 70ಕ್ಕೂ ಹೆಚ್ಚು. ಮಾರ್ಚ್‌ಗೆ ಬರುವವರು ಪಕ್ಷದ ಕಟ್ಟಾ ಮಂದಿ, ವಯಸ್ಸಾದವರು, ಒಂದೇ ವಿಷಯ ಹಿಡಿದು ಕೂತವರು. ಎರಡೂ ಪಕ್ಷದಲ್ಲೂ ಹಾಗೇ. ಗೆಲ್ಲುವ ಸೀಟಿನಲ್ಲಿ ಕೂತ ಶಾಸಕನಿಗೆ ನವೆಂಬರ್ ಭಯ ಇಲ್ಲ, ಇರುವುದು ಮಾರ್ಚ್ ಭಯ. ಎದುರು ಪಕ್ಷದವರ ಜೊತೆ ಒಂದು ಮಸೂದೆಗೆ ಕೈ ಜೋಡಿಸಿದರೂ ಸಾಕು, ಮುಂದಿನ ಪ್ರೈಮರಿಯಲ್ಲಿ ಇವನು ಮೆತ್ತಗಾಗಿದ್ದಾನೆ ಅಂತ ಒಬ್ಬ ಎದ್ದು ನಿಲ್ಲುತ್ತಾನೆ. ಅಮೆರಿಕದಲ್ಲಿ ಎರಡು ಪಕ್ಷ ಯಾಕೆ ಒಂದು ಮಾತಿಗೂ ಬರುವುದಿಲ್ಲ ಅಂತ ಕೇಳುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

2024ರ 13ನೇ ಕ್ಷೇತ್ರದ ಕಥೆ ಇನ್ನೂ ಚೆನ್ನಾಗಿದೆ. ರಿಪಬ್ಲಿಕನ್ ಪ್ರೈಮರಿಯಲ್ಲಿ 14 ಜನ. ಮೊದಲು ಬಂದ ಕೆಲ್ಲಿ ಡಾಟ್ರಿಗೆ ಶೇಕಡ 27, ಎರಡನೆಯ ಬ್ರಾಡ್ ನಾಟ್‌ಗೆ 19ರ ಹತ್ತಿರ. ಯಾರೂ 30 ದಾಟಲಿಲ್ಲ, ಎರಡನೇ ಸುತ್ತು ಮೇ ತಿಂಗಳಿಗೆ. ನಡುವೆ ಟ್ರಂಪ್ ನಾಟ್‌ಗೆ ಬೆಂಬಲ ಕೊಟ್ಟರು. ಡಾಟ್ರಿ ಪ್ರಚಾರ ನಿಲ್ಲಿಸಿಬಿಟ್ಟರು. ಎರಡನೇ ಸ್ಥಾನದವರು ಎಂಪಿ ಆದರು. ಹೈಕಮಾಂಡ್ ಇಲ್ಲ ಅಂದೆನಲ್ಲ, ಅದನ್ನು ಸ್ವಲ್ಪ ತಿದ್ದಿ ಓದಿಕೊಳ್ಳಿ, ಹೈಕಮಾಂಡ್ ಸಾಮಾಜಿಕ ಜಾಲತಾಣದಲ್ಲಿ ಇದೆ.

ಪ್ರೈಮರಿ ಗೆದ್ದರೆ ಎಲ್ಲ ಗೆದ್ದ ಹಾಗೆ ಅಂತಲೂ ಅಲ್ಲ. ಇಡೀ ರಾಜ್ಯದ ಸೀಟುಗಳಲ್ಲಿ ಇದು ಉಲ್ಟಾ ಹೊಡೆಯುತ್ತದೆ. 2024ರಲ್ಲಿ ಮಾರ್ಕ್ ರಾಬಿನ್ಸನ್ ರಾಜ್ಯಪಾಲ ಹುದ್ದೆಗೆ ರಿಪಬ್ಲಿಕನ್ ಪ್ರೈಮರಿಯನ್ನು ದೊಡ್ಡ ಅಂತರದಲ್ಲಿ ಗೆದ್ದರು, ನವೆಂಬರ್‌ನಲ್ಲಿ ಸ್ಟೈನ್ ಎದುರು ಮಣ್ಣು ಮುಕ್ಕಿದರು. ಗೆರೆ ಇಲ್ಲದ ಕಡೆ ಎಲ್ಲರ ಓಟು ಬೇಕು, ಕಟ್ಟಾ ಮಂದಿಯ ಚಪ್ಪಾಳೆ ಸಾಲುವುದಿಲ್ಲ. ಹಾಗೇ ನಕ್ಷೆ ಕೋರ್ಟಿನಲ್ಲಿ ಸಿಕ್ಕಿಕೊಂಡರೆ ಅಭ್ಯರ್ಥಿಗಳ ಪಾಡೂ ನೋಡಬೇಕು. 2022ಕ್ಕೆ ಮ್ಯಾಡಿಸನ್ ಕಾಥಾರ್ನ್ ಅನ್ನುವ ಯುವ ಎಂಪಿ ತಮ್ಮ ಬೆಟ್ಟದ ಕ್ಷೇತ್ರ ಬಿಟ್ಟು ಶಾರ್ಲಟ್ ಕಡೆಯ ಹೊಸ ಕ್ಷೇತ್ರಕ್ಕೆ ಹೋಗುತ್ತೇನೆ ಅಂತ ಸಾರಿದರು. ಕೋರ್ಟು ಆ ನಕ್ಷೆ ತೆಗೆದುಹಾಕಿತು. ವಾಪಸ್ ಹಳೇ ಕ್ಷೇತ್ರಕ್ಕೆ ಬಂದರು. ಪ್ರೈಮರಿ ಮಾರ್ಚ್‌ನಿಂದ ಮೇಗೆ ಮುಂದೆ ಹೋಯಿತು. ಅದರಲ್ಲಿ ಅವರೇ ಸೋತರು.

ಇನ್ನು ನಮ್ಮವರ ವಿಷಯ. ಗೆರೆ ಎಳೆಯುವಾಗ ಎಣಿಸುವುದು ಮತದಾರರನ್ನಲ್ಲ, ಜನರನ್ನು. ಮಗು, ಗ್ರೀನ್ ಕಾರ್ಡ್‌ಗೆ ಹತ್ತು ಹದಿನೈದು ವರ್ಷದಿಂದ ಕಾಯುತ್ತಿರುವ ಎಚ್-1ಬಿ ಎಂಜಿನಿಯರ್, ಅವರ ಹೆಂಡತಿ, ಎಲ್ಲರೂ ಆ 7,45,671ರ ಲೆಕ್ಕಕ್ಕೆ ಸೇರುತ್ತಾರೆ. ನಮ್ಮ ಪಕ್ಕದ ಮಾರಿಸ್‌ವಿಲ್ ಊರಿನಲ್ಲಿ ಏಷ್ಯಾ ಮೂಲದವರು ಶೇಕಡ 40ಕ್ಕಿಂತ ಜಾಸ್ತಿ. ರಾಜ್ಯಕ್ಕೆ 14ನೇ ಸೀಟು ಬಂದಿದ್ದರಲ್ಲಿ ನಮ್ಮ ತಲೆಗಳ ಪಾಲೂ ಇದೆ. ಓಟು ಮಾತ್ರ ಇಲ್ಲ. ಓಟು ಬಂದ ಮೇಲೆ, ಅಂದರೆ ಸಿಟಿಜನ್ ಆದ ಮೇಲೆ, ಎಷ್ಟೋ ಜನ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರಿಗೆ ಒಂದು ಗುಂಡಿ ತುಂಬಿ ಮನೆಗೆ ಬರುತ್ತಾರೆ. ಈ ರಾಜ್ಯದಲ್ಲಿ ಒಂದೇ ಗುರುತಿನಲ್ಲಿ ಇಡೀ ಪಕ್ಷಕ್ಕೆ ಓಟು ಹಾಕುವ ಪದ್ಧತಿಯನ್ನು 2013ರ ಕಾನೂನಿನಲ್ಲಿ ತೆಗೆದಿದ್ದಾರೆ. ಪ್ರತಿ ಹುದ್ದೆಗೂ ಬೇರೆ ಬೇರೆ ತುಂಬಬೇಕು. ಮತಪತ್ರ ಎರಡೂ ಕಡೆ ಇರುತ್ತದೆ, ಮಣ್ಣು ಮತ್ತು ನೀರು ಸಂರಕ್ಷಣೆಯ ಮೇಲ್ವಿಚಾರಕರಿಗೂ ಚುನಾವಣೆ ಇದೆ ಇಲ್ಲಿ! ಹಿಂದುಗಡೆ ತಿರುಗಿಸದೆ ಪೆಟ್ಟಿಗೆಗೆ ಹಾಕುವವರನ್ನು ಕಣ್ಣಾರೆ ನೋಡಿದ್ದೇನೆ.

ಜಡ್ಜ್‌ಗಳ ಹೆಸರು ಬರುವುದು ಆ ಕೆಳಗಿನ ಭಾಗದಲ್ಲಿ. 2020ರಲ್ಲಿ ರಾಜ್ಯದ ಮುಖ್ಯ ನ್ಯಾಯಮೂರ್ತಿ ಸ್ಥಾನ ತೀರ್ಮಾನ ಆಗಿದ್ದು 401 ಓಟಿನಿಂದ, ಐವತ್ತು ಲಕ್ಷಕ್ಕೂ ಹೆಚ್ಚು ಓಟುಗಳಲ್ಲಿ. 2024ರಲ್ಲಿ ಆಲಿಸನ್ ರಿಗ್ಸ್ ಗೆದ್ದಿದ್ದು 734 ಓಟಿನಿಂದ. ಸೋತ ಜೆಫರ್ಸನ್ ಗ್ರಿಫಿನ್ 60 ಸಾವಿರಕ್ಕೂ ಹೆಚ್ಚು ಓಟುಗಳನ್ನು ತಗಾದೆ ಮಾಡಿದರು, ಅವುಗಳಲ್ಲಿ ಬಹುಪಾಲು ನೋಂದಣಿ ದಾಖಲೆಯಲ್ಲಿ ಒಂದು ನಂಬರ್ ಇಲ್ಲ ಅನ್ನುವ ಕಾರಣಕ್ಕೆ. ಆರು ತಿಂಗಳು ಕೋರ್ಟು ಸುತ್ತಿ 2025ರ ಮೇನಲ್ಲಿ ಫೆಡರಲ್ ಜಡ್ಜ್ ಸಾಕು ಅಂದ ಮೇಲೆ ಮುಗಿಯಿತು. ನಮ್ಮ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಬರುವ ಜನ ಎಷ್ಟು ಅಂತ ಯೋಚನೆ ಮಾಡಿ ಈ ನಂಬರುಗಳನ್ನು ಇನ್ನೊಮ್ಮೆ ಓದಿ.

2026ರಲ್ಲೂ ರಾಜ್ಯ ಸುಪ್ರೀಂ ಕೋರ್ಟಿನ ಒಂದು ಸೀಟು ಇದೆ, ಆನಿಟಾ ಅರ್ಲ್ಸ್ ಅವರದು. ಜಡ್ಜ್ ಆಗುವುದಕ್ಕೆ ಮುಂಚೆ ಇದೇ ನಕ್ಷೆ ಕೇಸುಗಳನ್ನು ವಕೀಲೆಯಾಗಿ ನಡೆಸಿದವರು. ಅವರು ಗೆದ್ದರೂ ಕೋರ್ಟು 5-2ರಲ್ಲೇ ಇರುತ್ತದೆ, ಸೋತರೆ 6-1. ನಿಜವಾದ ಪೈಪೋಟಿ 2028ಕ್ಕೆ, ಆಗ ರಿಪಬ್ಲಿಕನ್ನರ ಮೂರು ಸೀಟು ಒಟ್ಟಿಗೆ ಚುನಾವಣೆಗೆ ಬರುತ್ತವೆ. 2030ರ ಜನಗಣತಿ ಆದ ಮೇಲೆ ಬರೆಯುವ ನಕ್ಷೆ ಯಾವ ಕೋರ್ಟಿನ ಮುಂದೆ ಹೋಗುತ್ತದೆ ಅನ್ನುವುದು ಆ ವರ್ಷಗಳಲ್ಲಿ ಗೊತ್ತಾಗುತ್ತದೆ.

ಕೊನೆಗೆ, ಕೆಲವರು ಕೇಳಿದ್ದಕ್ಕೆ. ಯಾವ ಪಕ್ಷದಲ್ಲೂ ನೋಂದಾಯಿಸಿಕೊಂಡಿಲ್ಲ ಅಂದರೂ ಪ್ರೈಮರಿಯಲ್ಲಿ ಓಟು ಹಾಕಬಹುದು. ಈ ರಾಜ್ಯದಲ್ಲಿ ಈಗ ಅತಿ ದೊಡ್ಡ ಗುಂಪು ಅವರೇ, ಎರಡರಲ್ಲಿ ಯಾವ ಪಕ್ಷದ ನೋಂದಾಯಿತರಿಗಿಂತಲೂ ಜಾಸ್ತಿ. ಬೂತಿನಲ್ಲಿ ಯಾವ ಪಕ್ಷದ ಮತಪತ್ರ ಬೇಕು ಅಂತ ಕೇಳುತ್ತಾರೆ, ಒಂದನ್ನು ಹೇಳಿ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ, ಪಕ್ಷ ಸೇರಿದ ಹಾಗೂ ಆಗುವುದಿಲ್ಲ. ಪಕ್ಷದಲ್ಲಿ ನೋಂದಾಯಿಸಿಕೊಂಡಿದ್ದರೆ ಮಾತ್ರ ಆ ಪಕ್ಷದ್ದೇ ಸಿಗುವುದು. ಅದಕ್ಕೇ ನಾನು ಯಾವುದಕ್ಕೂ ಸೇರದೆ ಉಳಿದಿದ್ದೇನೆ. ನಿಮ್ಮ ಕ್ಷೇತ್ರ ಯಾವ ಪಕ್ಷದ ಕಡೆ ವಾಲಿದೆಯೋ ಆ ಪಕ್ಷದ ಮತಪತ್ರ ತಗೊಳ್ಳಿ, ತೀರ್ಮಾನ ಆಗುವುದು ಅಲ್ಲೇ. ನವೆಂಬರ್‌ಗೆ 18 ತುಂಬುವ ಮಕ್ಕಳು 17ರಲ್ಲೇ ಪ್ರೈಮರಿಯಲ್ಲಿ ಓಟು ಹಾಕಬಹುದು, ಇದು ಬಹಳ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಮುಂಚಿತ ಮತದಾನದ ದಿನಗಳಲ್ಲಿ ನಿಮ್ಮ ಕೌಂಟಿಯ ಯಾವ ಕೇಂದ್ರಕ್ಕಾದರೂ ಹೋಗಬಹುದು, ಅಲ್ಲೇ ನೋಂದಣಿ ಮಾಡಿಸಿ ಅಲ್ಲೇ ಓಟು ಹಾಕಬಹುದು. ಫೋಟೋ ಇರುವ ಐಡಿ ಬೇಕು. 2026ರ ಪ್ರೈಮರಿ ಮಾರ್ಚ್ 3, ಮಂಗಳವಾರ.